ಕಾರಿನಲ್ಲಿ ನಡುಕ, ಗಡಗಡ ಸದ್ದು: ಮೂಲ ಹುಡುಕುವುದು ಹೇಗೆ?

"ಗಾಡಿ ವೈಬ್ರೇಟ್ ಆಗ್ತಿದೆ, ಸ್ವಲ್ಪ ನೋಡಿ." ಗ್ಯಾರೇಜಿನಲ್ಲಿ ಇಷ್ಟು ಹೇಳಿ ಕೀ ಕೊಟ್ಟು ಬಂದರೆ ಮೆಕ್ಯಾನಿಕ್‌ಗೆ ಏನೂ ಹೇಳಿದಂತಾಗುವುದಿಲ್ಲ. ಅವರು ಒಂದು ರೌಂಡು ಓಡಿಸಿ ನೋಡುತ್ತಾರೆ. ಆಗ ನಡುಕ ಬರುವುದೇ ಇಲ್ಲ. ಆಮೇಲೆ ಅಂದಾಜಿನ ಮೇಲೆ ಕೆಲಸ ಶುರು. ಮೊದಲು ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಮಾಡುವುದು), ಮುಂದಿನ ಸಲ ಬುಷ್ (ಜೋಡಣೆಗಳ ನಡುವಿನ ರಬ್ಬರ್ ತುಂಡು), ಅದರ ಮುಂದಿನ ಸಲ ಶಾಕ್ ಅಬ್ಸಾರ್ಬರ್. ದುಡ್ಡು ಖರ್ಚಾಗುತ್ತದೆ, ನಡುಕ ಇದ್ದಲ್ಲೇ ಇರುತ್ತದೆ.

ಸ್ಪಾನರ್ ಹಿಡಿಯುವ ಮೊದಲು ಗೊತ್ತಾಗಬೇಕಾದ್ದು ಒಂದೇ ವಿಷಯ. ಈ ನಡುಕ ಯಾವುದರ ಜತೆ ಏರುತ್ತದೆ, ಯಾವುದರ ಜತೆ ಇಳಿಯುತ್ತದೆ? ಗಾಡಿಯ ವೇಗದ ಜತೆಯೋ, ಇಂಜಿನ್ನಿನ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಜತೆಯೋ, ಬ್ರೇಕ್ ಒತ್ತಿದಾಗಲೋ, ರಸ್ತೆ ಕೆಟ್ಟಾಗಲೋ? ಇದಕ್ಕೆ ಉತ್ತರ ಸಿಕ್ಕರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗಿಯಿತು. ಅದನ್ನು ಹುಡುಕಲು ಖಾಲಿ ರಸ್ತೆ, ಪಕ್ಕದಲ್ಲಿ ಕೂರಲು ಇನ್ನೊಬ್ಬರು, ಸ್ವಲ್ಪ ತಾಳ್ಮೆ ಇದ್ದರೆ ಸಾಕು.

ಪರೀಕ್ಷೆಗೂ ಮೊದಲು

ಕೆಲವು ನಡುಕಗಳನ್ನು ಓಡಿಸಿ ನೋಡುವ ಹಾಗಿಲ್ಲ. ನಿನ್ನೆವರೆಗೆ ಸರಿ ಇದ್ದ ಕಾರು ಇವತ್ತು ಇದ್ದಕ್ಕಿದ್ದಂತೆ ಜೋರಾಗಿ ನಡುಗಿದರೆ ಪಕ್ಕಕ್ಕೆ ಹಾಕಿ ನಿಲ್ಲಿಸಿ. ಮೊದಲು ಚಕ್ರದ ನಟ್ಟುಗಳನ್ನು ನೋಡಿ. ಟೈರ್ ಬದಲಿಸಿದ್ದು, ಪಂಕ್ಚರ್ ಹಾಕಿಸಿದ್ದು ಇತ್ತೀಚೆಗಾದರೆ ಅನುಮಾನ ನೇರವಾಗಿ ಅಲ್ಲಿಗೇ ಹೋಗಬೇಕು. ನಟ್ಟು ಸಡಿಲವಾದ ಚಕ್ರ ಮೊದಲು ಮೆಲ್ಲಗೆ ಓಲಾಡುತ್ತದೆ, ಆಮೇಲೆ ಟಕ್ ಟಕ್ ಎನ್ನುತ್ತದೆ, ಕೊನೆಗೆ ಕಳಚಿಕೊಳ್ಳುತ್ತದೆ.

ಆಮೇಲೆ ನಾಲ್ಕೂ ಟೈರಿನ ಮೇಲೆ ಕಣ್ಣಾಡಿಸಿ. ಪಕ್ಕದ ಗೋಡೆಯಲ್ಲಿ ಉಬ್ಬು ಇದ್ದರೆ ಒಳಗಿನ ದಾರಗಳು ಹರಿದಿವೆ ಎಂದರ್ಥ. ನೆಲಕ್ಕೆ ತಾಗುವ ಭಾಗದಲ್ಲಿ ಒಂದು ಕಡೆ ಎದ್ದು ಬಂದಂತೆ ಕಂಡರೆ ಒಳಗಿನ ಉಕ್ಕಿನ ಬೆಲ್ಟು ಬಿಟ್ಟುಕೊಂಡಿರುತ್ತದೆ. ಎರಡರಲ್ಲಿ ಯಾವುದಿದ್ದರೂ ಆ ಟೈರ್ ಅಲ್ಲಿಗೆ ಮುಗಿಯಿತು. ಸ್ಟೆಪ್ನಿ ಹಾಕಿಕೊಂಡು ಹೊರಡಿ. ಸ್ಟೇರಿಂಗ್ ತಿರುಗಿಸಿದರೂ ಚಕ್ರ ತಡವಾಗಿ ತಿರುಗುವುದು, ಬ್ರೇಕ್ ಪೆಡಲ್ ಮೆತ್ತಗಾಗುವುದು, ಕೆಳಗಿನಿಂದ ಢಗ್ ಎಂದು ಹೊಡೆದಂತಾಗಿ ಕಾರು ಒಂದು ಕಡೆಗೆ ಎಳೆಯುವುದು, ಇವೂ ಗಾಡಿಯನ್ನು ಟೋ ಮಾಡಿಸಿಕೊಂಡು ಹೋಗಬೇಕಾದ ಲಕ್ಷಣಗಳು.

ಓಡಿಸಿ ನೋಡುವುದು

ಮೊದಲು ಡಿಕ್ಕಿ, ಡೋರ್ ಪಾಕೆಟ್, ಗ್ಲೋವ್ ಬಾಕ್ಸ್, ಸೀಟಿನ ಕೆಳಗೆ ಇರುವುದೆಲ್ಲ ಹೊರಗೆ ತೆಗೆಯಿರಿ. ಟೈರಿನ ಗಾಳಿಯನ್ನು ಕಾರು ತಣ್ಣಗಿರುವಾಗಲೇ ಸರಿಮಾಡಿ. ಗಂಟೆಗಟ್ಟಲೆ ನಿಂತ ಕಾರಿನ ಟೈರು ನೆಲಕ್ಕೆ ತಾಗಿದ ಕಡೆ ಚಪ್ಪಟೆಯಾಗಿರುತ್ತದೆ. ಹಾಗಾಗಿ ಹತ್ತು ಹದಿನೈದು ನಿಮಿಷ ಓಡಿಸಿ ಬಿಸಿ ಮಾಡಿದ ಮೇಲೆ ಪರೀಕ್ಷೆ ಶುರುಮಾಡಿ. ಅಷ್ಟರಲ್ಲೇ ನಡುಕ ಮಾಯವಾದರೆ ಚಪ್ಪಟೆಯಾದ ಟೈರೇ ಕಾರಣ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಮಾತ್ರ ಅದು ಖಾಯಂ ಆಗಿಬಿಡಬಹುದು.

ನಡುಕ ಬರುವ ವೇಗಕ್ಕೆ ಹೋಗಿ. ಅದು 90ಕ್ಕೆ ಬರುತ್ತದೆ ಎಂದುಕೊಳ್ಳಿ. ಐದನೇ ಗೇರಿನಲ್ಲಿ 90, ಆಮೇಲೆ ನಾಲ್ಕನೇ ಗೇರಿನಲ್ಲಿ ಅದೇ 90. ಆರ್‌ಪಿಎಂ ಬದಲಾಯಿತು, ವೇಗ ಬದಲಾಗಲಿಲ್ಲ. ನಡುಕ ಎರಡರಲ್ಲೂ ಒಂದೇ ಥರ ಇದ್ದರೆ ಇಂಜಿನ್ನನ್ನು ಮರೆತುಬಿಡಿ. ತಿರುಗುತ್ತಿರುವ ಚಕ್ರ, ಟೈರು, ಹಬ್ (ಚಕ್ರ ಕೂರುವ ನಡುಭಾಗ), ಡ್ರೈವ್ ಶಾಫ್ಟ್ (ಗೇರ್ ಬಾಕ್ಸಿನಿಂದ ಚಕ್ರವನ್ನು ತಿರುಗಿಸುವ ದಂಡ) ಇವುಗಳಲ್ಲೇ ತೊಂದರೆ ಇದೆ. ಗೇರ್ ಬದಲಿಸಿದ ಕೂಡಲೇ ನಡುಕವೂ ಬದಲಾದರೆ ಇಂಜಿನ್ ಕಡೆ ತಿರುಗಿ.

ಅದೇ ವೇಗದಲ್ಲಿ ಆಕ್ಸಿಲರೇಟರ್‌ನಿಂದ ಕಾಲು ಪೂರ್ತಿ ತೆಗೆಯಿರಿ. ವೇಗ ಇನ್ನೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಚಕ್ರದ ಮೇಲಿನ ಎಳೆತ ಮಾತ್ರ ಹೋಗುತ್ತದೆ. ಆ ಕ್ಷಣಕ್ಕೇ ನಡುಕ ನಿಂತರೆ ಡ್ರೈವ್ ಶಾಫ್ಟಿನ ಜಾಯಿಂಟ್ ಅಥವಾ ಮೌಂಟಿಂಗ್ (ಇಂಜಿನ್ನನ್ನು ಹಿಡಿದಿರುವ ರಬ್ಬರ್ ಆಧಾರ) ಮೇಲೆ ಅನುಮಾನ. ಕಾಲು ತೆಗೆದರೂ ಬಿಟ್ಟರೂ ಒಂದೇ ಥರ ಇದ್ದರೆ ಬ್ಯಾಲೆನ್ಸಿಂಗ್, ಅಂದರೆ ಚಕ್ರದ ತೂಕ ಸುತ್ತಲೂ ಒಂದೇ ಸಮ ಇಲ್ಲ. ಕೆಲವರು ಇದನ್ನು ನ್ಯೂಟ್ರಲ್‌ಗೆ ಹಾಕಿ ನೋಡುತ್ತಾರೆ. ಮ್ಯಾನ್ಯುಯಲ್ ಗಾಡಿಯಾದರೆ, ನೇರ ಖಾಲಿ ರಸ್ತೆಯಾದರೆ ಸರಿ. ಆಟೋಮ್ಯಾಟಿಕ್‌ನಲ್ಲಿ ಬೇಡ. ಓಡುತ್ತಿರುವಾಗ ಇಂಜಿನ್ ಆಫ್ ಮಾಡುವುದಂತೂ ಯಾವತ್ತೂ ಬೇಡ, ಪವರ್ ಸ್ಟೇರಿಂಗ್ ಬ್ರೇಕ್ ಎರಡೂ ಗಟ್ಟಿಯಾಗಿಬಿಡುತ್ತವೆ.

ಇನ್ನೊಂದು ಪರೀಕ್ಷೆ ನಿಂತಲ್ಲೇ. ಹ್ಯಾಂಡ್ ಬ್ರೇಕ್ ಹಾಕಿ, ನ್ಯೂಟ್ರಲ್‌ನಲ್ಲಿ ಆರ್‌ಪಿಎಂ ಅನ್ನು 800ರಿಂದ 3000ದವರೆಗೆ ನಿಧಾನಕ್ಕೆ ಏರಿಸಿ. ನಿಂತ ಕಾರಿನಲ್ಲೂ ನಡುಕ ಅಥವಾ ಝಣಝಣ ಬಂದರೆ ಚಕ್ರಗಳಿಗೆ ಅದರಲ್ಲಿ ಪಾತ್ರವೇ ಇಲ್ಲ. ಬ್ಯಾಲೆನ್ಸಿಂಗ್ ಮಾಡಿಸಲು ಹೊರಡಬೇಡಿ.

ಮೊಬೈಲ್ ಇಟ್ಟು ಎಣಿಸಬಹುದು

ಇದು ಬೇಕೇ ಬೇಕು ಅಂತೇನಿಲ್ಲ. ಆದರೆ ಎರಡು ಅನುಮಾನಗಳ ನಡುವೆ ಸಿಕ್ಕಿಕೊಂಡಾಗ ಇದು ಚೆನ್ನಾಗಿ ಕೈಹಿಡಿಯುತ್ತದೆ. ಮೊಬೈಲಿನಲ್ಲಿರುವ ಸೆನ್ಸರ್ ಬಳಸಿ ಕಂಪನ ಅಳೆಯುವ ಉಚಿತ ಆ್ಯಪ್‌ಗಳಿವೆ. ಮೊಬೈಲನ್ನು ಸೀಟಿನ ಮೇಲೆ ಇಡಬೇಡಿ, ಫೋಮ್ ಎಲ್ಲವನ್ನೂ ನುಂಗಿಬಿಡುತ್ತದೆ. ಸೀಟಿನ ಕಬ್ಬಿಣದ ರೈಲಿಗೆ ಅಥವಾ ಗಟ್ಟಿ ನೆಲಕ್ಕೆ ಟೇಪ್ ಹಾಕಿ ಅಂಟಿಸಿ. ನೋಡುವ ಕೆಲಸ ಪಕ್ಕದಲ್ಲಿ ಕೂತವರದ್ದು.

ಆ್ಯಪ್ ಸೆಕೆಂಡಿಗೆ ಎಷ್ಟು ಸಲ ನಡುಗುತ್ತಿದೆ ಎಂದು ಹರ್ಟ್ಸ್‌ನಲ್ಲಿ ತೋರಿಸುತ್ತದೆ. ಲೆಕ್ಕ ಸುಲಭ. 185/65 ಆರ್15 ಅಳತೆಯ ಟೈರು ಒಂದು ಸುತ್ತು ತಿರುಗಿದರೆ ಕಾರು ಸುಮಾರು 1.95 ಮೀಟರ್ ಮುಂದೆ ಹೋಗುತ್ತದೆ. ಅಂದರೆ ಕಿಲೋಮೀಟರ್ ಲೆಕ್ಕದ ವೇಗವನ್ನು 7ರಿಂದ ಭಾಗಿಸಿದರೆ ಸೆಕೆಂಡಿಗೆ ಚಕ್ರ ಎಷ್ಟು ಸುತ್ತುತ್ತದೆ ಎಂದು ಸಿಗುತ್ತದೆ. 80ಕ್ಕೆ 11 ಚಿಲ್ಲರೆ, 100ಕ್ಕೆ 14. ಇಂಜಿನ್‌ಗೆ ಆರ್‌ಪಿಎಂ ಅನ್ನು 60ರಿಂದ ಭಾಗಿಸಿ. 3000ಕ್ಕೆ 50. ನಾಲ್ಕು ಸಿಲಿಂಡರ್ ಇಂಜಿನ್ನು ಒಂದು ಸುತ್ತಿಗೆ ಎರಡು ಸಲ ಉರಿಯುವುದರಿಂದ 100 ಕೂಡ ಕಾಣುತ್ತದೆ.

ಈಗ 100ರ ವೇಗದಲ್ಲಿ ಆ್ಯಪ್ 14 ಎಂದು ತೋರಿಸಿದರೆ ಚಕ್ರಕ್ಕೆ ಸುತ್ತಿಗೊಂದು ಸಲ ಪೆಟ್ಟು ಬೀಳುತ್ತಿದೆ. 28 ತೋರಿಸಿದರೆ ಸುತ್ತಿಗೆ ಎರಡು ಸಲ. ಇದು ಟೈರು ಅಥವಾ ರಿಮ್ಮು ಮೊಟ್ಟೆಯಾಕಾರಕ್ಕೆ ತಿರುಗಿದಾಗ ಬರುವ ಸಂಖ್ಯೆ. ಸುತ್ತಿಗೆ ಮೂರು ಸಲ ಬಂದು, ಅದೂ ಪಿಕಪ್ ಕೊಟ್ಟಾಗ ಮಾತ್ರ ಬಂದರೆ ಡ್ರೈವ್ ಶಾಫ್ಟಿನ ಒಳಜಾಯಿಂಟ್ (ಗೇರ್ ಬಾಕ್ಸ್ ಕಡೆಯದು). ಅದರೊಳಗೆ ಮೂರು ರೋಲರ್‌ಗಳಿರುತ್ತವೆ, ಅದಕ್ಕೇ ಮೂರು.

ಚಕ್ರ ಮತ್ತು ಟೈರು

ಹೆದ್ದಾರಿ ವೇಗದ ನಡುಕಗಳಲ್ಲಿ ಹೆಚ್ಚಿನವು ಇಲ್ಲಿಂದಲೇ. ಲಕ್ಷಣವೂ ಸ್ಪಷ್ಟ. 80ರ ಹತ್ತಿರ ಶುರುವಾಗಿ, 100ರ ಆಸುಪಾಸಿನಲ್ಲಿ ಜೋರಾಗಿ, ಅದನ್ನು ದಾಟಿದರೆ ಕೆಲವೊಮ್ಮೆ ಕಡಿಮೆಯೂ ಆಗುತ್ತದೆ. ಕಡಿಮೆಯಾಯಿತು ಎಂದು ಆ ವೇಗದಲ್ಲೇ ಓಡಿಸುವವರಿದ್ದಾರೆ! ಅಲುಗಾಟ ಸಸ್ಪೆನ್ಷನ್ನಿನ ಸ್ವಂತ ತಾಳಕ್ಕೆ ಹೊಂದುವ ವೇಗ ದಾಟಿತು, ಅಷ್ಟೆ. ಬಡಿತ ಒಳಗೆ ನಡೆದೇ ಇರುತ್ತದೆ.

ಸ್ಟೇರಿಂಗ್ ನಡುಗಿದರೆ ಮುಂದಿನ ಚಕ್ರ. ಸ್ಟೇರಿಂಗ್ ಸುಮ್ನೆ ಇದ್ದು ಸೀಟು, ನೆಲ ನಡುಗಿದರೆ ಹಿಂದಿನ ಚಕ್ರ. ಇದು ನೂರಕ್ಕೆ ನೂರು ಸರಿಯಲ್ಲ, ಆದರೆ ಶುರುಮಾಡಲು ಒಳ್ಳೆಯ ಜಾಗ. ಖಚಿತ ಬೇಕಿದ್ದರೆ ಮುಂದಿನ ಚಕ್ರಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿ ಓಡಿಸಿ. ನಡುಕ ಸ್ಟೇರಿಂಗ್‌ನಿಂದ ಸೀಟಿಗೆ ಬಂದರೆ ಚಕ್ರದಲ್ಲೇ ದೋಷ. ಅಲ್ಲೇ ಉಳಿದರೆ ಹಬ್, ಶಾಫ್ಟ್, ಬುಷ್ ನೋಡಬೇಕು.

ತೂಕ ಸಮ ಮಾಡಲು ರಿಮ್ಮಿಗೆ ಸೀಸದ ಸಣ್ಣ ತುಂಡು ಅಂಟಿಸುತ್ತಾರೆ. ಬರೀ 30 ಗ್ರಾಂ ಸೀಸಕ್ಕೆ ಇಷ್ಟು ರಂಪ ಯಾಕೆ ಎಂದು ಕೇಳಬಹುದು. 15 ಇಂಚಿನ ರಿಮ್ಮಿನ ಅಂಚಿನಲ್ಲಿ 30 ಗ್ರಾಂ ಕಡಿಮೆ ಇದ್ದರೆ, 100ರ ವೇಗದಲ್ಲಿ ಅದು ಸುಮಾರು ನಾಲ್ಕೂವರೆ ಕೆಜಿ ತೂಕದಷ್ಟು ಬಲದಲ್ಲಿ ಚಕ್ರವನ್ನು ಎಳೆಯುತ್ತದೆ, ಅದೂ ಸೆಕೆಂಡಿಗೆ 14 ಸಲ ಮೇಲೆ ಕೆಳಗೆ. 50ರ ವೇಗದಲ್ಲಿ ಅದೇ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ನಿಧಾನಕ್ಕೆ ಹೋಗುವಾಗ ಏನೂ ಗೊತ್ತಾಗದಿರುವುದು ಇದಕ್ಕೇ.

ಬ್ಯಾಲೆನ್ಸಿಂಗ್ ಮಾಡಿಸುವಾಗ ಪಕ್ಕದಲ್ಲಿ ನಿಂತು ನೋಡಿ. ಚಕ್ರವನ್ನು ಮೆಷಿನ್‌ಗೆ ಏರಿಸುವ ಮೊದಲು ರಿಮ್ಮಿನ ಒಳಮೈ ತೊಳೆದಿದ್ದಾರಾ? ಕೆಸರು ಒಣಗಿ ಗಟ್ಟಿಯಾಗಿ ಒಳಗಡೆ ಒಂದೇ ಕಡೆ ಅಂಟಿರುತ್ತದೆ. ಅದರ ಮೇಲೆಯೇ ತೂಕ ಹಾಕಿದರೆ ನಾಲ್ಕು ದಿನಕ್ಕೆ ಕೆಸರು ಉದುರಿ ಮತ್ತೆ ನಡುಕ ಶುರು. ಮಳೆಗಾಲದಲ್ಲಿ ಕೆಸರು ದಾರಿಗೆ ಹೋಗಿ ಬಂದ ಮಾರನೇ ದಿನವೇ ನಡುಕ ಬಂದಿದ್ದರೆ ಮೊದಲು ನೀರಿನ ಪೈಪ್ ಹಿಡಿಯಿರಿ, ಮೆಷಿನ್ ಆಮೇಲೆ. ಹಳೆಯ ತೂಕಗಳನ್ನು ಕಿತ್ತು ಹಾಕಿ ಹೊಸದಾಗಿ ಶುರುಮಾಡುವುದು ಒಳ್ಳೆಯದು.

ಇನ್ನು ತೂಕ ಬೇಕಿಲ್ಲ ಎಂದು ಮೆಷಿನ್‌ನಲ್ಲಿ ಸೊನ್ನೆ ಬಂದ ಮೇಲೆ ಒಂದು ಮಾತು ಕೇಳಿ: "ಚಕ್ರ ಸಡಿಲ ಮಾಡಿ, ಅರ್ಧ ಸುತ್ತು ತಿರುಗಿಸಿ ಮತ್ತೆ ಬಿಗಿಮಾಡಿ ಓಡಿಸ್ತೀರಾ?" ಈಗಲೂ ಸೊನ್ನೆಯೇ ಬಂದರೆ ಕೆಲಸ ಸರಿಯಾಗಿದೆ. 15, 20 ಎಂದು ಬಂದರೆ ಚಕ್ರ ಮೆಷಿನ್ನಿನ ನಡುವಿಗೆ ಸರಿಯಾಗಿ ಕೂತಿಲ್ಲ. ಮೊದಲು ಹಾಕಿದ ತೂಕವೂ ತಪ್ಪು. "ಎರಡು ಸಲ ಬ್ಯಾಲೆನ್ಸ್ ಮಾಡಿಸಿದೆ, ಹೋಗಲಿಲ್ಲ" ಎನ್ನುವವರಲ್ಲಿ ಸುಮಾರು ಜನರ ಕತೆ ಇಲ್ಲೇ ಇರುತ್ತದೆ. ಚಕ್ರ ಮೆಷಿನ್ ಮೇಲೆ ತಿರುಗುವಾಗ ಟೈರಿನ ಅಂಚನ್ನು, ರಿಮ್ಮಿನ ಅಂಚನ್ನು ಬೇರೆ ಬೇರೆಯಾಗಿ ಗಮನಿಸಿ. ರಿಮ್ಮು ನೇರ ತಿರುಗಿ ಟೈರು ಮಾತ್ರ ಮೇಲೆ ಕೆಳಗೆ ಹಾರಿದರೆ ಟೈರು ಕೆಟ್ಟಿದೆ. ರಿಮ್ಮೇ ಓಲಾಡಿದರೆ ಎಲ್ಲೋ ಹೊಂಡಕ್ಕೆ ಬಿದ್ದು ಬೆಂಡಾಗಿದೆ. ಓಲಾಡುವ ಚಕ್ರಕ್ಕೂ ತೂಕ ಹಾಕಿ ಮೆಷಿನ್‌ನಲ್ಲಿ ಸೊನ್ನೆ ತರಿಸಬಹುದು. ರಸ್ತೆಯಲ್ಲಿ ಅದು ಓಲಾಡುವುದು ತಪ್ಪುವುದಿಲ್ಲ. 20ರಿಂದ 40ರ ವೇಗದಲ್ಲೇ ಸ್ಟೇರಿಂಗ್ ಎಡಕ್ಕೆ ಬಲಕ್ಕೆ ಮೆಲ್ಲಗೆ ಅಲುಗುತ್ತಿದ್ದರೆ ಇದೇ ಜಾತಿ.

ಚಕ್ರ ವಾಪಸ್ ಹಾಕುವಾಗ ಹಬ್ಬಿನ ಮುಖದಲ್ಲಿರುವ ತುಕ್ಕನ್ನು ವೈರ್ ಬ್ರಷ್‌ನಿಂದ ತೆಗೆಯಿಸಿ. ಅಲ್ಲೊಂದು ತುಕ್ಕಿನ ಚಕ್ಕೆ ಸಿಕ್ಕಿಕೊಂಡರೂ ಚಕ್ರ ಓರೆಯಾಗಿ ಕೂರುತ್ತದೆ. ನಟ್ಟುಗಳನ್ನು ಒಂದರ ಪಕ್ಕ ಒಂದು ಬಿಗಿಮಾಡದೆ ಎದುರುಬದುರಾಗಿ ಬಿಗಿಮಾಡಬೇಕು. ಕೊನೆಯ ಬಿಗಿ ಟಾರ್ಕ್ ರೆಂಚ್‌ನಲ್ಲಿ. ಎಷ್ಟು ಎಂದು ಕಾರಿನ ಜತೆ ಬಂದ ಪುಸ್ತಕದಲ್ಲಿ ಇರುತ್ತದೆ, ಹೆಚ್ಚಿನ ಕಾರುಗಳಲ್ಲಿ 90ರಿಂದ 130 ನ್ಯೂಟನ್ ಮೀಟರ್ ಒಳಗೆ.

ಅಲೈನ್‌ಮೆಂಟ್ ಬಗ್ಗೆ ಒಂದು ಮಾತು. ಅದು ಕೆಟ್ಟರೆ ಕಾರು ಒಂದು ಕಡೆ ಎಳೆಯುತ್ತದೆ, ಸ್ಟೇರಿಂಗ್ ಸೊಟ್ಟಗೆ ನಿಲ್ಲುತ್ತದೆ, ಟೈರು ಒಂದು ಅಂಚಿನಲ್ಲಿ ಸವೆಯುತ್ತದೆ. ನಡುಕ ಅದರ ಲಕ್ಷಣವಲ್ಲ. ಸವೆದು ಅಂಕುಡೊಂಕಾದ ಟೈರು ಸದ್ದು ಮಾಡಬಹುದು, ಆದರೆ ಅಷ್ಟು ಹೊತ್ತಿಗೆ ಅಲೈನ್‌ಮೆಂಟ್ ಸರಿಮಾಡಿದರೂ ಟೈರು ಮೊದಲಿನಂತಾಗುವುದಿಲ್ಲ. ನಡುಕ ಎಂದ ಕೂಡಲೇ ಅಲೈನ್‌ಮೆಂಟ್ ಎನ್ನುವ ಅಭ್ಯಾಸವನ್ನು ಬಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಬ್ರೇಕ್ ಒತ್ತಿದಾಗ ಮಾತ್ರ

ಸುಮ್ನೆ ಓಡುವಾಗ ಏನೂ ಇಲ್ಲ, ಬ್ರೇಕ್ ಒತ್ತಿದರೆ ಸ್ಟೇರಿಂಗ್ ಅದುರುತ್ತದೆ, ಪೆಡಲ್ ಕಾಲಿಗೆ ಬಡಿಯುತ್ತದೆ. ಇದಕ್ಕೆ ಎಲ್ಲರೂ ಹೇಳುವ ಕಾರಣ "ಡಿಸ್ಕ್ ಬೆಂಡಾಗಿದೆ" ಎಂದು. ಬಿಚ್ಚಿ ಅಳೆದರೆ ಡಿಸ್ಕಿನ ದಪ್ಪ ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ ಇರುವುದೇ ಸಾಮಾನ್ಯ. 0.02 ಮಿಲಿಮೀಟರ್ ವ್ಯತ್ಯಾಸವೂ ಕಾಲಿಗೆ ಗೊತ್ತಾಗಬಹುದು. ಡಿಸ್ಕ್ ಹಾಕುವಾಗ ಹಬ್ಬಿನ ತುಕ್ಕು ತೆಗೆಯದಿದ್ದರೆ ಅದು ಓರೆಯಾಗಿ ತಿರುಗುತ್ತದೆ, ಪ್ಯಾಡಿಗೆ ಒಂದೇ ಕಡೆ ಉಜ್ಜಿ ಉಜ್ಜಿ ಅಲ್ಲಿ ತೆಳ್ಳಗಾಗುತ್ತದೆ. ಹೊಸ ಡಿಸ್ಕ್ ಹಾಕಿದ ಕೆಲವು ಸಾವಿರ ಕಿಲೋಮೀಟರಿಗೇ ಮತ್ತೆ ನಡುಕ ಬಂತೆಂದರೆ ಬೈಯಬೇಕಾದ್ದು ಡಿಸ್ಕನ್ನಲ್ಲ, ಹಬ್ಬನ್ನು ಉಜ್ಜದೆ ಜೋಡಿಸಿದ ಕೈಯನ್ನು.

ಮುಂದಿನದೋ ಹಿಂದಿನದೋ ತಿಳಿಯಲು ಖಾಲಿ ಜಾಗದಲ್ಲಿ 40ರ ವೇಗಕ್ಕೆ ಹೋಗಿ, ಹ್ಯಾಂಡ್ ಬ್ರೇಕಿನ ಬಟನ್ ಒತ್ತಿ ಹಿಡಿದುಕೊಂಡೇ ಲಿವರ್ ಅನ್ನು ಮೆಲ್ಲಗೆ ಎಳೆಯಿರಿ. ಹೆಚ್ಚಿನ ಕಾರುಗಳಲ್ಲಿ ಅದು ಹಿಂದಿನ ಚಕ್ರಗಳಿಗೆ ಮಾತ್ರ ಹಿಡಿಯುತ್ತದೆ. ಆಗಲೂ ನಡುಗಿದರೆ ಹಿಂದಿನ ಡ್ರಮ್ ಅಥವಾ ಡಿಸ್ಕ್. ಎಲೆಕ್ಟ್ರಾನಿಕ್ ಹ್ಯಾಂಡ್ ಬ್ರೇಕ್ ಇರುವ ಗಾಡಿಯಲ್ಲಿ ಇದನ್ನು ಮಾಡಬೇಡಿ.

ಜೋರಾಗಿ ಬ್ರೇಕ್ ಒತ್ತಿದಾಗ ಕಾಲಿನ ಕೆಳಗೆ ಗುರುಗುರು ಎಂದರೆ ಅದು ಎಬಿಎಸ್ (ಜೋರು ಬ್ರೇಕಿನಲ್ಲಿ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕೆಲಸ ಮಾಡುವ ರೀತಿ. ಅದನ್ನು ರಿಪೇರಿ ಮಾಡಿಸಬೇಕಾಗಿಲ್ಲ.

ಪಿಕಪ್ ಕೊಟ್ಟಾಗ

ಏರಿನಲ್ಲಿ ಆಕ್ಸಿಲರೇಟರ್ ತುಳಿದರೆ ಕಾರಿನ ಮೂತಿ ಅಕ್ಕಪಕ್ಕಕ್ಕೆ ಅಲುಗಿದಂತಾಗುತ್ತದೆ, ಕಾಲು ತೆಗೆದರೆ ನಿಲ್ಲುತ್ತದೆ. ಒಳಜಾಯಿಂಟ್ ಸವೆದಿದೆ. ಚಕ್ರದ ಕಡೆಯ ಹೊರಜಾಯಿಂಟ್‌ನ ದೂರೇ ಬೇರೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತು ಹೊಡೆದರೆ ಟಕ್ ಟಕ್ ಟಕ್ ಎನ್ನುತ್ತದೆ. ಎರಡಕ್ಕೂ ಮೊದಲ ಸಾಕ್ಷಿ ಜಾಯಿಂಟನ್ನು ಮುಚ್ಚಿರುವ ರಬ್ಬರ್ ಬೂಟು. ಅದು ಹರಿದಿದ್ದರೆ ಚಕ್ರದ ಒಳಮೈಗೆ ಕಪ್ಪು ಗ್ರೀಸ್ ಚೆಲ್ಲಿರುತ್ತದೆ. ಹರಿದ ಬೂಟನ್ನು ಸದ್ದು ಬರುವ ಮೊದಲೇ ಕಂಡರೆ ಬೂಟು ಗ್ರೀಸ್ ಬದಲಿಸಿದರೆ ಮುಗಿಯಿತು. ಸದ್ದು ಶುರುವಾದ ಮೇಲೆ ಜಾಯಿಂಟನ್ನೇ ಬದಲಿಸಬೇಕು.

ಮೊದಲ ಗೇರಿನಲ್ಲಿ ಹೊರಡುವಾಗ ಮಾತ್ರ ಕಾರು ಕುಲುಕಿದರೆ ಕ್ಲಚ್ಚು.

ನಿಂತಾಗ ನಡುಗಿದರೆ

ಐಡ್ಲಿಂಗ್‌ನಲ್ಲಿ ಸ್ಟೇರಿಂಗ್, ಸೀಟು ನಡುಗುತ್ತಿದೆ, ಆರ್‌ಪಿಎಂ ಸ್ವಲ್ಪ ಏರಿಸಿದರೆ ಹೋಗುತ್ತದೆ. ಇದಕ್ಕೆ ಎರಡು ದಾರಿ ಇದೆ. ಒಂದೋ ಇಂಜಿನ್ನೇ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೇ ಇಂಜಿನ್ ಸರಿ ಇದೆ, ಅದರ ನಡುಕವನ್ನು ತಡೆಯಬೇಕಾದ ಮೌಂಟಿಂಗ್ ಸತ್ತಿದೆ.

ಸೈಲೆನ್ಸರ್ ಹಿಂದೆ ನಿಂತು ಕೇಳಿ. ಸದ್ದು ಒಂದೇ ಸಮ ಬರುತ್ತಿದ್ದರೆ ಮೌಂಟಿಂಗ್ ಕಡೆ ನೋಡಿ. ನಡುನಡುವೆ ಪುಸ್, ಪುಸ್ ಎಂದು ತಪ್ಪುತ್ತಿದ್ದರೆ ಒಂದು ಸಿಲಿಂಡರ್ ಉರಿಯುತ್ತಿಲ್ಲ. ಸ್ಕ್ಯಾನರ್ ಹಾಕಿದರೆ ಪಿ 0301, ಪಿ 0302 ಎಂಬಂಥ ಕೋಡ್ ಬರುತ್ತದೆ. ಕೊನೆಯ ಅಂಕಿ ಸಿಲಿಂಡರಿನದ್ದು. 0301 ಬಂದರೆ ಒಂದನೇ ಸಿಲಿಂಡರಿನ ಇಗ್ನಿಷನ್ ಕಾಯಿಲನ್ನು ಎರಡನೆಯದಕ್ಕೆ, ಎರಡರದ್ದನ್ನು ಒಂದಕ್ಕೆ ಹಾಕಿ, ಕೋಡ್ ಅಳಿಸಿ ಓಡಿಸಿ. ಈಗ 0302 ಬಂದರೆ ಕಾಯಿಲ್ ಹೋಗಿದೆ. 0301ರಲ್ಲೇ ಉಳಿದರೆ ಪ್ಲಗ್ಗು, ಇಂಜೆಕ್ಟರು, ಕಂಪ್ರೆಷನ್ ನೋಡಬೇಕು. ಹೊಸ ಕಾಯಿಲ್ ಕೊಳ್ಳುವ ಮೊದಲು ಇಷ್ಟು ಮಾಡಬಹುದು, ಅಲ್ವಾ? ಚೆಕ್ ಇಂಜಿನ್ ದೀಪ ಮಿನುಗುತ್ತಿದ್ದರೆ ಮಾತ್ರ ಓಡಿಸಬೇಡಿ. ಉರಿಯದ ಪೆಟ್ರೋಲ್ ಹೋಗಿ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟುಬಿಡುತ್ತದೆ.

ಮೌಂಟಿಂಗ್ ಆದರೆ ಆಟೋಮ್ಯಾಟಿಕ್ ಗಾಡಿಯಲ್ಲಿ ಬ್ರೇಕ್ ಒತ್ತಿ ಡಿ ಗೇರಿನಲ್ಲಿ ನಿಂತಾಗ ನಡುಕ ಜಾಸ್ತಿ, ನ್ಯೂಟ್ರಲ್‌ಗೆ ಹಾಕಿದರೆ ಕಡಿಮೆ. ಎಸಿ ಹಾಕಿದರೆ ಮತ್ತೆ ಜಾಸ್ತಿ. ಸ್ಟಾರ್ಟ್ ಮಾಡುವಾಗ, ಆಫ್ ಮಾಡುವಾಗ ಢಗ್ ಎನ್ನುತ್ತದೆ. ಒಳಗೆ ದ್ರವ ತುಂಬಿದ ಮೌಂಟಿಂಗ್ ಆಗಿದ್ದರೆ ಅದು ಸೋರಿ ಕೆಳಗೆ ಕಲೆ ಕಾಣುತ್ತದೆ. ಮೂರು ಸಿಲಿಂಡರ್ ಇಂಜಿನ್ನು ಐಡ್ಲಿಂಗ್‌ನಲ್ಲಿ ಸ್ವಲ್ಪ ನಡುಗುವುದು ಅದರ ಹುಟ್ಟುಗುಣ. ಗಾಡಿ ಹೊಸದಿದ್ದಾಗಲೂ ಇಷ್ಟೇ ಇತ್ತಾ ಎಂದು ನೆನಪಿಸಿಕೊಳ್ಳಿ.

ಮ್ಯಾನ್ಯುಯಲ್ ಗಾಡಿಯಲ್ಲಿ ನ್ಯೂಟ್ರಲ್‌ನಲ್ಲಿ ಕಟಕಟ ಸದ್ದು ಬಂದು, ಕ್ಲಚ್ ಒತ್ತಿದ ಕೂಡಲೇ ನಿಂತರೆ ಗೇರ್ ಬಾಕ್ಸ್ ಅಥವಾ ಫ್ಲೈವೀಲ್ ಕಡೆಯದು. ಒತ್ತಿದಾಗಲೇ ಬಂದರೆ ರಿಲೀಸ್ ಬೇರಿಂಗ್.

ಕೆಳಗಿನಿಂದ ಬರುವ ಸದ್ದುಗಳು

ತಗಡು ಅದುರಿದಂತೆ ಝರ್ ಎಂದು, ಒಂದು ನಿರ್ದಿಷ್ಟ ಆರ್‌ಪಿಎಂಗೆ ಮಾತ್ರ ಬಂದು ಹೋದರೆ ಸೈಲೆನ್ಸರಿನ ಮೇಲಿರುವ ಹೀಟ್ ಶೀಲ್ಡ್. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಪೈಪನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ಅದೇ ಸದ್ದು ಸಿಗುತ್ತದೆ. ಬೋಲ್ಟಿನ ತೂತು ತುಕ್ಕು ಹಿಡಿದು ದೊಡ್ಡದಾಗಿರುತ್ತದೆ. ಅಗಲವಾದ ವಾಷರ್ ಹಾಕಿ, ಇಲ್ಲವೇ ಸ್ಟೀಲಿನ ಹೋಸ್ ಕ್ಲಿಪ್ಪಿನಿಂದ ಪೈಪಿನ ಸುತ್ತ ಬಿಗಿಯಿರಿ. ಕಿತ್ತು ಎಸೆಯಬೇಡಿ. ಪೈಪಿನ ಬಿಸಿ ಕಾರಿನ ನೆಲಕ್ಕೆ, ನಿಂತಲ್ಲಿ ಕೆಳಗಿರುವ ಒಣಹುಲ್ಲಿಗೆ ತಾಗದಂತೆ ತಡೆಯುವುದೇ ಅದರ ಕೆಲಸ. ತಟ್ಟುವಾಗ ಕನ್ವರ್ಟರಿನ ಒಳಗಿಂದ ಕಲ್ಲು ಹೊರಳಿದಂತೆ ಕೇಳಿದರೆ ಅದರ ಒಳಭಾಗ ಒಡೆದಿದೆ, ಕ್ಲಿಪ್ಪಿನಿಂದ ಆಗುವ ಕೆಲಸವಲ್ಲ.

ಹಾಳು ರಸ್ತೆಯಲ್ಲಿ ಕಟಕಟ ಬರುತ್ತಿದ್ದರೆ, ಸದ್ದು ನಡೆದಿರುವಾಗಲೇ ಬ್ರೇಕ್ ಪೆಡಲನ್ನು ಒಂಚೂರು ತಾಗಿಸಿ. ವೇಗ ಕಡಿಮೆಯಾಗದಷ್ಟು ಮೆಲ್ಲಗೆ. ಸದ್ದು ನಿಂತರೆ ಪ್ಯಾಡ್ ಅಥವಾ ಕ್ಯಾಲಿಪರ್ ಪಿನ್ನು ಸಡಿಲ. ಇಷ್ಟು ಸುಲಭದ ಪರೀಕ್ಷೆ ಬಿಟ್ಟು ಎಷ್ಟೋ ಜನ ಶಾಕ್ ಅಬ್ಸಾರ್ಬರ್ ಬದಲಿಸಿರುತ್ತಾರೆ.

ನಿಲ್ಲದಿದ್ದರೆ ಹಂಪ್ ಹುಡುಕಿ. ಒಮ್ಮೆ ನೇರವಾಗಿ, ಎರಡೂ ಮುಂದಿನ ಚಕ್ರ ಒಟ್ಟಿಗೇ ಏರುವ ಹಾಗೆ ನಿಧಾನಕ್ಕೆ ದಾಟಿ. ಆಮೇಲೆ ಓರೆಯಾಗಿ, ಒಂದು ಚಕ್ರ ಮೊದಲು, ಇನ್ನೊಂದು ಆಮೇಲೆ ಏರುವ ಹಾಗೆ ದಾಟಿ. ಎಡ ಬಲ ಚಕ್ರಗಳನ್ನು ಜೋಡಿಸುವ ಕಬ್ಬಿಣದ ದಂಡವಾದ ಸ್ಟೆಬಿಲೈಸರ್ ಬಾರ್ ಎರಡು ಚಕ್ರಗಳ ಎತ್ತರದ ಹೆಚ್ಚುಕಡಿಮೆಗೆ ಮಾತ್ರ ತಿರುಚಿಕೊಳ್ಳುತ್ತದೆ. ನೇರ ದಾಟಿದಾಗ ಸುಮ್ನಿದ್ದು, ಓರೆಯಾಗಿ ದಾಟಿದಾಗ ಟಕ್ ಎಂದರೆ ಬಾರಿನ ತುದಿಯ ಲಿಂಕ್ ರಾಡ್ ಅಥವಾ ಬಾರಿನ ಬುಷ್. ಲಿಂಕ್ ರಾಡನ್ನು ಕೈಯಲ್ಲಿ ಅಲುಗಿಸಿ ನೋಡುವಾಗ ಎರಡೂ ಚಕ್ರ ಒಂದೇ ಎತ್ತರದಲ್ಲಿರಬೇಕು. ಒಂದೇ ಕಡೆ ಜಾಕ್ ಹಾಕಿದರೆ ಬಾರ್ ಎಳೆದು ಹಿಡಿಯುತ್ತದೆ, ಸಡಿಲ ಇದ್ದರೂ ಕೈಗೆ ಸಿಗುವುದಿಲ್ಲ. ನೇರ ದಾಟಿದಾಗಲೂ ಢಗ್ ಎಂದರೆ ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಶಾಕ್ ಅಬ್ಸಾರ್ಬರಿನ ಮೇಲಿನ ಮೌಂಟಿಂಗ್ ನೋಡಿ. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಸ್ಪ್ರಿಂಗು ಟಣ್ ಎಂದು ಜಿಗಿದಂತಾದರೆ ಆ ಮೇಲಿನ ಮೌಂಟಿಂಗಿನ ಬೇರಿಂಗ್ ಹಿಡಿದುಕೊಂಡಿದೆ.

ಚಕ್ರ ಎತ್ತಿ ನೋಡುವಾಗ ಗಡಿಯಾರದ 12 ಮತ್ತು 6ರ ಜಾಗ ಹಿಡಿದು ಅಲುಗಿಸಿ, ಆಮೇಲೆ 9 ಮತ್ತು 3. ಎರಡು ಕಡೆಯೂ ಅಲುಗಿದರೆ ವೀಲ್ ಬೇರಿಂಗ್. 9-3ರಲ್ಲಿ ಮಾತ್ರವಾದರೆ ಟೈ ರಾಡ್. 12-6ರಲ್ಲಿ ಮಾತ್ರವಾದರೆ ಬಾಲ್ ಜಾಯಿಂಟ್ ಮೇಲೆ ಅನುಮಾನ. ಕಾರಿನ ಕೆಳಗೆ ಹೋಗುವುದಾದರೆ ಜಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಇಡಿ, ಉಳಿದ ಚಕ್ರಗಳು ಉರುಳದಂತೆ ಅಡ್ಡ ಕೊಡಿ.

ಅಲುಗಾಟ ಸಿಗುವ ಮೊದಲೇ ಬೇರಿಂಗು ಗೊರ್ ಎಂದು ಶುರುಮಾಡಿರುತ್ತದೆ, ವೇಗದ ಜತೆ ಏರುತ್ತದೆ. ಟೈರಿನ ಸದ್ದೂ ಹಾಗೇ ಇರುವುದರಿಂದ ಗೊಂದಲ. ರಸ್ತೆಯ ಮೇಲ್ಮೈ ಬದಲಾದಾಗ ಸದ್ದಿನ ಧಾಟಿ ಬದಲಾದರೆ ಟೈರು. ಬದಲಾಗದೆ, ಉದ್ದನೆಯ ಎಡ ತಿರುವಿನಲ್ಲಿ ಜೋರಾಗಿ, ಬಲ ತಿರುವಿನಲ್ಲಿ ಕಡಿಮೆಯಾದರೆ ಬಲಗಡೆಯ ಬೇರಿಂಗ್. ಎಡಕ್ಕೆ ತಿರುಗುವಾಗ ಭಾರ ಬಲಕ್ಕೆ ಬೀಳುತ್ತದೆ.

ಒಳಗಿನ ಕಿರಿಕಿರಿ

ಅಪಾಯವಿಲ್ಲ, ಆದರೆ ತಲೆ ತಿನ್ನುವುದರಲ್ಲಿ ಇವನ್ನು ಮೀರಿಸಿದ್ದಿಲ್ಲ. ಓಡಿಸುವವರು ರಸ್ತೆ ನೋಡಲಿ. ಪಕ್ಕದವರು ಡ್ಯಾಶ್‌ಬೋರ್ಡ್, ಡೋರ್ ಪ್ಯಾಡ್, ಎಸಿ ಗ್ರಿಲ್, ಸೀಟ್ ಬೆಲ್ಟಿನ ಎತ್ತರ ಹೊಂದಿಸುವ ತುಂಡು ಒಂದೊಂದನ್ನೇ ಒತ್ತಿ ಹಿಡಿಯಲಿ. ಒತ್ತಿದಾಗ ನಿಂತರೆ ಸಿಕ್ಕಿತು. ಹಿಂದೆ ಯಾರೂ ಕೂರದಿದ್ದಾಗ ಸೀಟ್ ಬೆಲ್ಟಿನ ಬಕಲ್ ಕಂಬಕ್ಕೆ ಬಡಿದು ಟಿಕ್ ಟಿಕ್ ಎನ್ನುವುದು, ಸ್ಟೆಪ್ನಿಯ ಹಿಡಿಕೆ ಬೋಲ್ಟು ಪೂರ್ತಿ ಕೂರದಿರುವುದು, ಜಾಕ್ ತನ್ನ ಜಾಗದಲ್ಲಿ ಹೊರಳುವುದು, ನಂಬರ್ ಪ್ಲೇಟು ಡಿಕ್ಕಿಯ ಬಾಗಿಲಿಗೆ ತಾಗುವುದು, ಇವೇ ಮೊದಲ ಆರೋಪಿಗಳು.

ನಿಂತ ಕಾರಿನಲ್ಲೇ ಹುಡುಕುವ ಉಪಾಯವೂ ಇದೆ. ಮೊಬೈಲಿನಿಂದ 30ರಿಂದ 150 ಹರ್ಟ್ಸ್‌ವರೆಗೆ ನಿಧಾನಕ್ಕೆ ಏರುವ ಸ್ವರವನ್ನು ಕಾರಿನ ಸ್ಪೀಕರಿನಲ್ಲಿ ಹಾಕಿ. ಪ್ರತಿ ಪ್ಲಾಸ್ಟಿಕ್ ತುಂಡೂ ತನ್ನ ಸ್ವರ ಬಂದಾಗ ಅದುರುತ್ತದೆ. ಆ ಸ್ವರದಲ್ಲಿ ನಿಲ್ಲಿಸಿ ಕೈಯಿಂದ ಹುಡುಕಿ. ಎರಡು ಪ್ಲಾಸ್ಟಿಕ್ ಉಜ್ಜುವಲ್ಲಿ ಬಟ್ಟೆಯ ಫೆಲ್ಟ್ ಟೇಪು ಅಂಟಿಸಿ. ಮಡಿಸಿದ ಕಾಗದ ತುರುಕಿದರೆ ವಾರಕ್ಕೆ ಸವೆದು ಮತ್ತೆ ಶುರು.

ಡೋರ್ ಅದುರುತ್ತಿದ್ದರೆ ಬೀಡಿಂಗ್ ರಬ್ಬರಿನ ನಡುವೆ ಕಾಗದದ ಪಟ್ಟಿ ಇಟ್ಟು ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಬಂದರೆ ಬಾಗಿಲು ಬಿಗಿಯಾಗಿ ಕೂರುತ್ತಿಲ್ಲ, ಲಾಕ್ ಕೂರುವ ಕೊಂಡಿಯನ್ನು ಒಳಕ್ಕೆ ಸರಿಸಬೇಕು. ಬಾನೆಟ್ ಕುಣಿಯುತ್ತಿದ್ದರೆ ಅದರ ಮೂಲೆಯ ರಬ್ಬರ್ ಗುಂಡಿಗಳನ್ನು ಅರ್ಧ ಸುತ್ತು ಮೇಲಕ್ಕೆ ತಿರುಗಿಸಿದರೆ ಸಾಕು.

ಮೆಕ್ಯಾನಿಕ್‌ಗೆ ಹೇಳುವಾಗ

"ಹತ್ತು ನಿಮಿಷ ಓಡಿದ ಮೇಲೆ, 90ರಿಂದ 105ರ ಒಳಗೆ ಸ್ಟೇರಿಂಗ್ ನಡುಗುತ್ತದೆ. ನಾಲ್ಕನೇ ಗೇರಲ್ಲೂ ಐದನೇ ಗೇರಲ್ಲೂ ಒಂದೇ ಥರ. ಕಾಲು ತೆಗೆದರೂ ಇರುತ್ತದೆ. ಬ್ರೇಕ್ ಒತ್ತಿದರೆ ಜಾಸ್ತಿ ಆಗಲ್ಲ. ಹೊಂಡಕ್ಕೆ ಬಿದ್ದ ಮೇಲೆ ಶುರುವಾಯಿತು." ಇಷ್ಟು ಬರೆದು ಕೊಟ್ಟರೆ ಅವರು ನೇರ ಮುಂದಿನ ಚಕ್ರ ಬಿಚ್ಚಿ ರಿಮ್ಮು ನೋಡುತ್ತಾರೆ. ಸಾಧ್ಯವಾದರೆ ಜತೆಗೆ ಕೂರಿಸಿಕೊಂಡು, ನಡುಕ ಬರುವ ರಸ್ತೆಯಲ್ಲೇ ತೋರಿಸಿ.

ಒಂದು ಸಲಕ್ಕೆ ಒಂದೇ ಭಾಗ ಬದಲಿಸಲು ಹೇಳಿ. ಬದಲಿಸಿದ ಮೇಲೆ ಅದೇ ರಸ್ತೆ, ಅದೇ ವೇಗ, ಅಷ್ಟೇ ಜನ ಇಟ್ಟುಕೊಂಡು ಓಡಿಸಿ ನೋಡಿ, ಆಮೇಲೆ ಬಿಲ್ ಕೊಡಿ. ಚಕ್ರ ಬಿಚ್ಚಿದ ಕೆಲಸವಾಗಿದ್ದರೆ 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳಿಗೆ ಇನ್ನೊಮ್ಮೆ ಟಾರ್ಕ್ ರೆಂಚ್ ಹಾಕಿ.